ಲ್ವಾರ್ ಕಣಿವೆಯ ಕೋಟೆಗಳೂ ಅರಮನೆಗಳೂ

ಇತಿಹಾಸವನ್ನು ನಾವು ಸಾಮಾನ್ಯವಾಗಿ ಪುಸ್ತಕಗಳಿಂದ ತಿಳಿಯುತ್ತೇವೆ. ಆದರೆ ಗೋಡೆಯ ದಪ್ಪವನ್ನೂ ಕಿಟಕಿಯ ಅಗಲವನ್ನೂ ನೋಡಿ ಅದನ್ನು ತಿಳಿಯುವುದು ಸಾಧ್ಯ. ಇದಕ್ಕೆ ಫ್ರಾನ್ಸ್ ದೇಶದ ಲ್ವಾರ್ ಕಣಿವೆಯು ಒಳ್ಳೆಯ ಪಾಠಶಾಲೆ. ಸುಮಾರು 1,000 ಕಿಲೋಮೀಟರು ಹರಿದು ಅಟ್ಲಾಂಟಿಕ್ ಸಾಗರವನ್ನು ಸೇರುವ ಲ್ವಾರ್, ಆ ದೇಶದ ನದಿಗಳಲ್ಲೆಲ್ಲ ಉದ್ದವಾದುದು. ಪಶ್ಚಿಮದ ಆಂಜೆ ಪಟ್ಟಣದಿಂದ ಹೊರಟು, ನದಿಯ ಮಗ್ಗುಲ ರಸ್ತೆಯನ್ನು ಹಿಡಿದು ಶಾಂಬೋರ್‌ವರೆಗೆ ಮೋಟಾರಿನಲ್ಲಿ ಹೋದರೆ ದಾರಿ ಸುಮಾರು 200 ಕಿಲೋಮೀಟರು. ದಾಟುವ ಕಾಲವಾದರೋ ಸುಮಾರು 300 ವರ್ಷ! ಕೋಟೆಯನ್ನೂ ಅರಮನೆಯನ್ನೂ ಫ್ರೆಂಚರು ‘ಷಾತೋ’ ಎಂಬ ಒಂದೇ ಮಾತಿನಿಂದ ಕರೆಯುತ್ತಾರೆ. ಒಂದು ಇನ್ನೊಂದಾದ ಬಗೆ ಈ ದಾರಿಯಲ್ಲಿ ಕಾಣುತ್ತದೆ.

ಆಂಜೆಯ ಷಾತೋ ನಿಜವಾದ ಕೋಟೆ. 13ನೆಯ ಶತಮಾನದಲ್ಲಿ, ಒಂಬತ್ತನೆಯ ಲೂಯಿಯ ಆಳ್ವಿಕೆಯಲ್ಲಿ ಎದ್ದ ಇದಕ್ಕೆ 17 ಬುರುಜುಗಳು. ಕಪ್ಪುಕಲ್ಲಿನ ನಡುನಡುವೆ ಬಿಳಿಯ ಸುಣ್ಣಕಲ್ಲಿನ ಪಟ್ಟೆಗಳಿವೆ. ಬುರುಜುಗಳಲ್ಲಿ ಬಾಣ ಬಿಡಲು ಬೇಕಾದ ಕಿಂಡಿಗಳುಂಟು. ಹೊರಗಿನ ಚೆಲುವನ್ನು ನೋಡಲು ಕಿಟಕಿಗಳಿಲ್ಲ. ಇಲ್ಲಿ ಗೋಡೆಯನ್ನು ಕಟ್ಟಿಸಿದ್ದು ಭಯ.

ಮುಂದೆ ಲಾಂಜೆ ಸಿಗುತ್ತದೆ. ಹನ್ನೊಂದನೆಯ ಲೂಯಿಯ ಅಪ್ಪಣೆಯಂತೆ 1465ರಲ್ಲಿ ಇದರ ಕೆಲಸ ಆರಂಭವಾಯಿತು. ಬೀದಿಯ ಕಡೆಯಿಂದ ನೋಡಿದರೆ ಬುರುಜು, ಎತ್ತುಸೇತುವೆಗಳಿಂದ ಕೂಡಿದ ಕೋಟೆ. ಒಳಗಿನ ಅಂಗಳಕ್ಕೆ ಹೋದರೆ ಅಗಲವಾದ ಕಿಟಕಿಗಳ ವಾಸದ ಮನೆ! ಆಗ ಸ್ವತಂತ್ರವಾಗಿದ್ದ ಬ್ರಿಟನಿ ಸಂಸ್ಥಾನದ ಭಯದಿಂದ ಈ ಕೋಟೆ ಎದ್ದಿತು. 1491ರಲ್ಲಿ ಅದೇ ಬ್ರಿಟನಿಯ ಒಡತಿ ಆನ್ ಇಲ್ಲಿಯೇ ರಾಜ ಎಂಟನೆಯ ಚಾರ್ಲ್ಸನನ್ನು ಮದುವೆಯಾದಳು. ಕೋಟೆಯ ಕೆಲಸವನ್ನು ಮದುವೆಯ ಚಪ್ಪರವೇ ಮುಗಿಸಿತು.

ಈ ಮಾರ್ಪಾಟಿಗೆ ಕಾರಣಗಳೇನು? ಇಂಗ್ಲೆಂಡಿನೊಡನೆ ನಡೆದ ಶತವರ್ಷ ಯುದ್ಧ 1453ರಲ್ಲಿ ಕೊನೆಗೊಂಡಿತು. ಫಿರಂಗಿಯ ಗುಂಡಿನ ಮುಂದೆ ಎತ್ತರದ ಗೋಡೆ ನಿಲ್ಲದಾಯಿತು. ಸಾಮಂತರ ಬಲ ಕುಗ್ಗಿ ರಾಜನ ಬಲ ಹೆಚ್ಚಿತು. ಜೊತೆಗೆ, 1494ರಲ್ಲಿ ಇಟಲಿಯ ಮೇಲೆ ದಂಡೆತ್ತಿ ಹೋದ ಚಾರ್ಲ್ಸ್ ಅಲ್ಲಿಯ ಕುಶಲಕರ್ಮಿಗಳನ್ನು ಆಂಬ್ವಾಸ್‌ಗೆ ಕರೆತಂದನು. ಒಂದನೆಯ ಫ್ರಾನ್ಸಿಸನ ಆಹ್ವಾನದ ಮೇಲೆ 1516ರಲ್ಲಿ ಬಂದ ಲಿಯೊನಾರ್ಡೊ ಡ ವಿಂಚಿ 1519ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ.

ಆಂಬ್ವಾಸ್‌ನಿಂದ ತುಸು ದಕ್ಷಿಣಕ್ಕೆ ತಿರುಗಿದರೆ, ಉಪನದಿಯಾದ ಶೇರ್‌ನ ಮೇಲೆಯೇ ನಿಂತಿದೆ ಶೆನೊನ್ಸೋ ಅರಮನೆ. 1513ರಲ್ಲಿ ಇದನ್ನು ಕೊಂಡವನು ರಾಜನ ಹಣಕಾಸಿನ ಅಧಿಕಾರಿ ತೊಮಾ ಬೊಯೆ. ಮುಂದೆ ನಿಂತು ಕಟ್ಟಿಸಿದವಳು ಆತನ ಪತ್ನಿ ಕ್ಯಾಥರೀನ್. ಬೊಯೆ ಸತ್ತ ಮೇಲೆ ಸರ್ಕಾರದ ಲೆಕ್ಕದಲ್ಲಿ ಬಾಕಿ ಕಂಡು, ಮಗನು 1535ರಲ್ಲಿ ಅರಮನೆಯನ್ನೇ ರಾಜನಿಗೆ ಒಪ್ಪಿಸಬೇಕಾಯಿತು. ಬಳಿಕ ಡಯಾನ್ ದ ಪ್ವಾತಿಯೆ ಸೇತುವೆಯನ್ನೂ, ರಾಣಿ ಕ್ಯಾಥರೀನ್ ದ ಮೆಡಿಚಿ ಅದರ ಮೇಲೆ 60 ಮೀಟರು ಉದ್ದದ ಮೊಗಸಾಲೆಯನ್ನೂ ಕಟ್ಟಿಸಿದರು. ರಾಣಿಯ ನರ್ತನಗಳಿಗಾಗಿ ಆದ ಆ ಮೊಗಸಾಲೆ ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಯಿತು. 1940ರಲ್ಲಿ ಜರ್ಮನರು ಆಕ್ರಮಿಸಿದ ಭಾಗಕ್ಕೆ ಶೇರ್ ನದಿ ಗಡಿಯಾದಾಗ, ಇದರ ಆಚೆಯ ಬಾಗಿಲಿನಿಂದ ಎಷ್ಟೋ ಜನ ತಪ್ಪಿಸಿಕೊಂಡು ಹೋದರು.

ಕೊನೆಗೆ ಶಾಂಬೋರ್. 1519ರಲ್ಲಿ ಫ್ರಾನ್ಸಿಸನು ಆರಂಭಿಸಿದ ಇದರಲ್ಲಿ 400ಕ್ಕೂ ಹೆಚ್ಚು ಕೊಠಡಿಗಳು, 282 ಅಗ್ಗಿಷ್ಟಿಕೆಗಳು. ನಡುವೆ ಒಂದರೊಳಗೊಂದು ಹೆಣೆದ ಎರಡು ಸುತ್ತುಮೆಟ್ಟಿಲುಗಳಿವೆ. ಒಂದರಲ್ಲಿ ಹತ್ತುವವನೂ ಇನ್ನೊಂದರಲ್ಲಿ ಇಳಿಯುವವನೂ ಒಬ್ಬರನ್ನೊಬ್ಬರು ಕಂಡರೂ ಎದುರಾಗುವುದಿಲ್ಲ. ಬುರುಜುಗಳು ಉಳಿದಿವೆ, ಶತ್ರುವಿಲ್ಲ. ಅವು ಈಗ ಬರಿಯ ಅಲಂಕಾರ. ಇಷ್ಟಾಗಿಯೂ, 32 ವರ್ಷ ಆಳಿದ ಆ ರಾಜನು ಇಲ್ಲಿ ತಂಗಿದ ದಿನಗಳನ್ನೆಲ್ಲ ಕೂಡಿಸಿದರೆ ಮೂರು ತಿಂಗಳೂ ಆಗದು!

ಇದರ ವೆಚ್ಚವನ್ನು ತೆತ್ತವರು ಯಾರು? ಸರದಾರರೂ ಪಾದ್ರಿಗಳೂ ಭೂಕಂದಾಯದ ಹೊರೆಯಿಂದ ಬಹುಮಟ್ಟಿಗೆ ಮುಕ್ತರಾಗಿದ್ದರು. ಹೊಲ ಉತ್ತವನು ಆ ಕಂದಾಯದ ಜೊತೆಗೆ ಉಪ್ಪಿನ ತೆರಿಗೆಯನ್ನೂ ಕೊಟ್ಟನು. 1789ರಲ್ಲಿ ಮಹಾಕ್ರಾಂತಿ ಸಿಡಿದುದಕ್ಕೆ ಈ ಅನ್ಯಾಯವೂ ಒಂದು ಕಾರಣ. ಕ್ರಾಂತಿಯ ಕಾಲದಲ್ಲಿ ಶಾಂಬೋರಿನ ಪೀಠೋಪಕರಣಗಳು ಹರಾಜಾದವು, ಕಟ್ಟಡ ಉಳಿಯಿತು. 1930ರಲ್ಲಿ ಅದು ಸರ್ಕಾರದ ಸ್ವತ್ತಾಯಿತು. 2000ದಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬ ರಾಜನ ಬೇಟೆಯ ಮನೆ ಇಂದು ಎಲ್ಲರೂ ಕಾಣಬಹುದಾದ ಆಸ್ತಿ.

ಆದುದರಿಂದ ಇತಿಹಾಸದ ವಿದ್ಯಾರ್ಥಿಯು ಯಾವ ಊರಿನ ಕೋಟೆಯ ಮುಂದೆ ನಿಂತರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಈ ಗೋಡೆ ಯಾರ ಭಯಕ್ಕೆ? ಈ ಕಿಟಕಿ ಯಾರ ಸುಖಕ್ಕೆ? ಇವೆರಡಕ್ಕೂ ಹಣ ಕೊಟ್ಟವರು ಯಾರು? ಮೊದಲ ಎರಡಕ್ಕೆ ಕಲ್ಲೇ ಉತ್ತರ ಹೇಳುತ್ತದೆ. ಮೂರನೆಯದಕ್ಕೆ ಉತ್ತರವನ್ನು ನಾವೇ ಹುಡುಕಿ ಬರೆಯಬೇಕು.