ಉಂಡ ಮೇಲಿನ ಹಾಳೆ ತಟ್ಟೆ

ಕೂಡಲಸಂಗಮ, ಹುನಗುಂದದ ಸುತ್ತಲಿನ ಮದುವೆ, ದಾಸೋಹಗಳಿಗೆ ಅಡಿಕೆ ಹಾಳೆಯ ತಟ್ಟೆ ಒದಗಿಸುವುದು ನನ್ನ ಕೆಲಸ. ಪ್ಲಾಸ್ಟಿಕ್ ಬದಲು ಹಾಳೆ ಕೊಟ್ಟರೆ ನೆಲ ಉಳಿಯಿತು ಎಂದು ನಂಬಿ ಶುರು ಮಾಡಿದೆ. ಪಂಕ್ತಿ ಎದ್ದ ಮೇಲೆ ಆ ತಟ್ಟೆ ಎಲ್ಲಿಗೆ ಹೋಗುತ್ತದೆಂದು ಕೇಳುವುದನ್ನು ಆಮೇಲೆ ಕಲಿತೆ.

1. ಹಾಳೆಗಾಗಿ ಮರ ಕಡಿಯಬೇಕಿಲ್ಲ.
ಅಡಿಕೆ ಮರ ಸೋಗೆಯ ಜೊತೆ ಹಾಳೆಯನ್ನು ತಾನೇ ಉದುರಿಸುತ್ತದೆ. ಅದನ್ನು ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಅಂಟು ಬೇಡ, ಪ್ಲಾಸ್ಟಿಕ್ ಲೇಪ ಬೇಡ. ಬಿಸಿ ಸಾರು ಬಡಿಸಿದರೂ ಸೋರುವುದಿಲ್ಲ. ಆದರೆ ನಮ್ಮ ಎರೆ ಸೀಮೆಗೆ ಮಾಲು ಮಲೆನಾಡಿನಿಂದ ಲಾರಿಯಲ್ಲಿ ಬರಬೇಕು. ಹತ್ತಿರದಲ್ಲಿ ಮುತ್ತಲ ಎಲೆಯ ಪತ್ರಾವಳಿ ಹಚ್ಚುವವರಿದ್ದರೆ ಮೊದಲು ಅವರ ಹೆಸರನ್ನೇ ಹೇಳುತ್ತೇನೆ.

2. ತೇವ ಹಿಡಿದರೆ ತಟ್ಟೆ ಉಳಿಯುವುದಿಲ್ಲ.
ಮೊದಮೊದಲು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಿಗಿಯಾಗಿ ಕಟ್ಟಿಟ್ಟೆ. ಬೂಷ್ಟು ಹಿಡಿಯಿತು. ಮದುವೆ ಮನೆಯವರು ಕೊನೆಗಳಿಗೆಯಲ್ಲಿ ಥರ್ಮೋಕೋಲ್ ತಟ್ಟೆ ತರಬೇಕಾಯಿತು. ಈಗ ಒಣಗಿಸಿ, ಗಾಳಿಯಾಡುವಂತೆ ಗೋಣಿಚೀಲದಲ್ಲಿಡುತ್ತೇನೆ.

3. ಪ್ಲಾಸ್ಟಿಕ್ ಬೆರೆತರೆ ತಿಪ್ಪೆಯೂ ಕೆಡುತ್ತದೆ.
ಒಮ್ಮೆ ತಟ್ಟೆ ಕೊಟ್ಟೆ, ಲೋಟದ ಬಗ್ಗೆ ಕೇಳಲಿಲ್ಲ. ಗೊಬ್ಬರಕ್ಕೆ ಒಯ್ಯಲು ಬಂದ ರೈತರು ಮೂಟೆ ಬಿಚ್ಚಿ, ತಟ್ಟೆಯ ಜೊತೆ ಪ್ಲಾಸ್ಟಿಕ್ ಲೋಟ ಬೆರೆತದ್ದು ನೋಡಿ ಬಿಟ್ಟುಹೋದರು. ಎಲ್ಲಕ್ಕೂ ಬೆಂಕಿ ಬಿತ್ತು. ಕಾಗದದ ಲೋಟದೊಳಗೂ ಪ್ಲಾಸ್ಟಿಕ್ ಪದರವಿರುತ್ತದೆ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ಕನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ. ಈಗ ಆರ್ಡರ್ ಹಿಡಿಯುವಾಗಲೇ ಇದನ್ನೆಲ್ಲ ಮಾತಾಡುತ್ತೇನೆ. ಉಂಡ ತಟ್ಟೆಗೆ ಬೇರೆ ಬುಟ್ಟಿ. ಹರಿದು, ಸಗಣಿ ಬೆರೆಸಿ, ತೇವವಿಟ್ಟರೆ ಬೇಗ ಕೊಳೆಯುತ್ತದೆ.

4. ಕೊಳೆಯುವುದೆಂದು ಹೊಳೆಗೆ ಬಿಡಬಾರದು.
ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರು ನಿಲ್ಲುತ್ತದೆ. ಎಂಜಲು, ಎಲೆ ನೀರಿನಲ್ಲಿ ಕೊಳೆತರೆ ಮೀನಿಗೆ ಬೇಕಾದ ಆಮ್ಲಜನಕ ಕುಗ್ಗುತ್ತದೆ. ಮಣ್ಣಿಗೆ ಗೊಬ್ಬರವಾಗುವುದು ನಿಂತ ನೀರಿಗೆ ಕೊಳೆ.

5. ಕೊಳ್ಳುವವರಿಗೆ ಎಲ್ಲವನ್ನೂ ಹೇಳಬೇಕು.
2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯ ಹಾನಿಕರ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದೆಂದು ಹಾಳೆ ತಟ್ಟೆಯ ಮಾರಾಟ ನಿಲ್ಲಿಸಲು ಹೇಳಿತು. ಕೇಳಿದವರಿಗೂ ಕೇಳದವರಿಗೂ ಇದನ್ನು ತಿಳಿಸುತ್ತೇನೆ. ತೊಳೆಯಲು ನೀರು, ಆಳು ಇರುವ ಕಡೆ ಸ್ಟೀಲ್ ತಟ್ಟೆಯೇ ಮೇಲು ಎಂದೂ ಹೇಳುತ್ತೇನೆ. ಆರ್ಡರ್ ಕಡಿಮೆಯಾದರೂ ಚಿಂತೆಯಿಲ್ಲ. ಹಾಳೆ ತಟ್ಟೆ ಪಂಕ್ತಿಯಿಂದ ಹೊರಹಾಕಬೇಕಿರುವುದು ಪ್ಲಾಸ್ಟಿಕ್ಕನ್ನು. ತೊಳೆದು ಮತ್ತೆ ಉಣ್ಣುವ ತಟ್ಟೆಯನ್ನಲ್ಲ.