ದಾರಿ, ನೀರು ಮತ್ತು ಕುಮ್ಕಿ: ಭೂಮಿಯ ಮೇಲಣ ಪರರ ಹಕ್ಕುಗಳು

ಕಾರ್ಕಳ, ಉಡುಪಿ, ಕಾಪು ತಾಲೂಕುಗಳಲ್ಲಿ ಗದ್ದೆಗಳು ಮೆಟ್ಟಲುಮೆಟ್ಟಲಾಗಿ ಇಳಿಯುತ್ತವೆ. ಎತ್ತರದಲ್ಲಿ ಬೆಟ್ಟು, ನಡುವೆ ಮಜಲು, ತಗ್ಗಿನಲ್ಲಿ ಬೈಲು. ಮೇಲಿನವನ ಗದ್ದೆಯನ್ನು ದಾಟದೆ ಕೆಳಗಿನವನಿಗೆ ನೀರು ಬಾರದು. ನೆರೆಯವನ ಹುಣಿಯನ್ನು ತುಳಿಯದೆ ನೇಜಿಯಾಗಲಿ ಗೊಬ್ಬರವಾಗಲಿ ಗದ್ದೆಗೆ ತಲುಪದು. ಆದಕಾರಣ ಈ ಸೀಮೆಯಲ್ಲಿ ಯಾವ ಹಿಡುವಳಿಯೂ ಒಂಟಿಯಲ್ಲ. ಆದರೆ ಈ ದಾರಿ ನೀರುಗಳ ಹಕ್ಕು ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ. ಮಾತು ಕೊಟ್ಟ ಹಿರಿಯರು ತೀರಿಹೋಗಿ ಭೂಮಿಯು ಹೊಸಬರ ಕೈಸೇರಿದಾಗ ತಕರಾರು ತಲೆದೋರುತ್ತದೆ. ಗ್ರಾಮಪ್ರಮುಖರೂ ಹಿಡುವಳಿದಾರರೂ ಈ ವಿಷಯದ ಕಾನೂನನ್ನು ಸ್ಥೂಲವಾಗಿಯಾದರೂ ಅರಿತಿರುವುದು ಒಳ್ಳೆಯದು.

ಈಸ್‌ಮೆಂಟ್ ಎಂದರೇನು?

ತನ್ನ ಭೂಮಿಯ ಅನುಕೂಲಕ್ಕಾಗಿ ಪರರ ಭೂಮಿಯಲ್ಲಿ ಒಂದು ಕಾರ್ಯವನ್ನು ಮಾಡುವ, ಇಲ್ಲವೆ ಅಲ್ಲಿ ಒಂದು ಕಾರ್ಯ ನಡೆಯದಂತೆ ತಡೆಯುವ ಹಕ್ಕಿಗೆ ಈಸ್‌ಮೆಂಟ್ ಎಂದು ಹೆಸರು. ಇದಕ್ಕೆ ಸಂಬಂಧಿಸಿದ ಭಾರತೀಯ ಈಸ್‌ಮೆಂಟ್ಸ್ ಆಕ್ಟು 1882ನೆಯ ಇಸವಿಯದು. ಆಗ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಆ ಕಾನೂನು ಇಲ್ಲಿ ಮೊದಲಿನಿಂದಲೂ ಜಾರಿಯಲ್ಲಿದೆ.

ಈ ಹಕ್ಕಿನಲ್ಲಿ ಎರಡು ಭೂಮಿಗಳಿರಲೇಬೇಕು: ಸೌಕರ್ಯ ಪಡೆಯುವ ಭೂಮಿಯೊಂದು, ಅದರ ಭಾರ ಹೊರುವ ಭೂಮಿ ಇನ್ನೊಂದು. ಹಕ್ಕು ಮನುಷ್ಯನಿಗೆ ಅಂಟಿದುದಲ್ಲ, ಭೂಮಿಗೆ ಅಂಟಿದುದು. ಭೂಮಿ ಮಾರಿದರೆ ಹಕ್ಕೂ ಅದರೊಂದಿಗೆ ಹೋಗುತ್ತದೆ. ಎರಡು ಭೂಮಿಗಳೂ ಪೂರ್ಣವಾಗಿ ಒಬ್ಬನ ಒಡೆತನಕ್ಕೆ ಬಂದರೆ ಹಕ್ಕು ಅಳಿಯುತ್ತದೆ.

ಕೆಲವು ಹಕ್ಕುಗಳು ಮಾತ್ರ ಪ್ರಕೃತಿದತ್ತವಾದುವು. ಮೇಲಿನ ನೆಲದಲ್ಲಿ ಬಿದ್ದ ಮಳೆಯ ನೀರು ಸಹಜವಾಗಿ ಕೆಳಕ್ಕೆ ಹರಿದುಹೋಗಲು ಕೆಳಗಿನವನು ಎಡೆಗೊಡತಕ್ಕದ್ದು. ಇದಕ್ಕೆ ಪತ್ರವೂ ಬೇಡ, ವರ್ಷಗಳ ಲೆಕ್ಕವೂ ಬೇಡ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಕರಾವಳಿಯಲ್ಲಿ ಇದರ ಮಹತ್ವ ದೊಡ್ಡದು. ಕಾಪು ಕಡೆಯ ತಗ್ಗು ಗದ್ದೆಗಳಲ್ಲಿ ನೀರು ತರುವುದಕ್ಕಿಂತ ನೀರು ಬಿಡುವುದೇ ಕಷ್ಟ. ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವವರು ಇದನ್ನು ಮರೆಯಬಾರದು.

ಹಕ್ಕು ಹುಟ್ಟುವ ಬಗೆ

ಮೊದಲನೆಯದು, ಪತ್ರದಿಂದ. ಇದೇ ಉತ್ತಮ.

ಎರಡನೆಯದು, ಅಗತ್ಯದಿಂದ. ಒಬ್ಬನು ತನ್ನ ಭೂಮಿಯ ಒಂದು ಭಾಗವನ್ನು ಮಾರಿದಾಗ, ಅಥವಾ ಕುಟುಂಬವು ಪಾಲಾದಾಗ, ಬೇರೆ ದಾರಿಯೇ ಇಲ್ಲದ ಭಾಗಕ್ಕೆ ಉಳಿದ ಭಾಗದ ಮೂಲಕ ದಾರಿ ಸಿಗುತ್ತದೆ. ಆದರೆ ಮುಂದೆ ಬೇರೆ ರಸ್ತೆಯಾಗಿ ಆ ಅಗತ್ಯ ತೀರಿದರೆ ಈ ಹಕ್ಕೂ ತೀರುತ್ತದೆ.

ಮೂರನೆಯದು, ದೀರ್ಘಾನುಭವದಿಂದ. ಶಾಂತವಾಗಿ, ಬಹಿರಂಗವಾಗಿ, ಹಕ್ಕೆಂಬ ಭಾವನೆಯಿಂದ, ಎಡೆಬಿಡದೆ 20 ವರ್ಷ ಅನುಭವಿಸಿರಬೇಕು. ಭಾರ ಹೊರುವ ಭೂಮಿ ಸರಕಾರದ್ದಾದರೆ 30 ವರ್ಷ. ಈ ಅವಧಿಯು ದಾವೆ ಹೂಡುವುದಕ್ಕೆ ಮುಂಚಿನ ಎರಡು ವರ್ಷಗಳ ಒಳಗೆ ಕೊನೆಗೊಂಡಿರಬೇಕು. ನೆರೆಯವನು ಅಡ್ಡಿ ಮಾಡಿದ್ದು ತಿಳಿದೂ ಒಂದು ವರ್ಷ ಸುಮ್ಮನಿದ್ದರೆ ಅನುಭವ ಕಡಿದುಹೋದಂತೆಯೇ ಸರಿ.

ಇಲ್ಲಿ ‘ಹಕ್ಕೆಂಬ ಭಾವನೆ’ ಎಂಬುದನ್ನು ಚೆನ್ನಾಗಿ ಗಮನಿಸಬೇಕು. ಕಾರ್ಕಳದ ಕಡೆ ಮಜಲಿನ ಒಡೆಯನೊಬ್ಬನು ಕೆಳಗಿನ ಬೈಲಿನವನಿಗೆ “ನನ್ನ ಗದ್ದೆಯ ಅಂಚಿನಲ್ಲಿ ನೀರು ಕೊಂಡುಹೋಗು” ಎಂದು ದಾಕ್ಷಿಣ್ಯದಿಂದ ಹೇಳಿದನೆಂದು ಭಾವಿಸೋಣ. ಅದು ಬರಿಯ ಅನುಮತಿ. ನಲವತ್ತು ವರ್ಷ ನಡೆದರೂ ಅನುಮತಿಯು ಹಕ್ಕಾಗದು; ಮಜಲಿನವನ ಮಗನು ಅಡಕೆಯ ತೋಟ ಮಾಡಲು ಆ ತೋಡನ್ನು ಮುಚ್ಚಿದರೆ ಬೈಲಿನವನು ಕೈಕಟ್ಟಿ ಕೂರಬೇಕಾದೀತು. ಆದರೆ ಅನುಮತಿಯನ್ನು ನಂಬಿ ಸ್ವಂತ ಖರ್ಚಿನಿಂದ ಶಾಶ್ವತವಾದ ಕಟ್ಟಡ ಕಾಮಗಾರಿ ಮಾಡಿದ್ದರೆ ಅದನ್ನು ಮನಬಂದಂತೆ ಹಿಂತೆಗೆಯಲಾಗದು.

ಒಬ್ಬ ಧಣಿಯಿಂದ ಅನೇಕ ಒಡೆಯರಿಗೆ

ಹಿಂದೆ ಇಡೀ ಬೈಲು ಒಬ್ಬನೇ ಧಣಿಯ ವರ್ಗವಾಗಿದ್ದು ಅನೇಕ ಗೇಣಿದಾರರು ಸಾಗುವಳಿ ಮಾಡುತ್ತಿದ್ದ ಗ್ರಾಮಗಳು ಹಲವು. ಅಲ್ಲಿ ನೀರಿನ ಸರದಿಯೂ ದಾರಿಯೂ ಧಣಿಯ ಮಾತಿನಿಂದ ತೀರ್ಮಾನವಾಗುತ್ತಿದ್ದುವು. 1974ನೆಯ ಮಾರ್ಚ್ 1ರಿಂದ ಗೇಣಿ ಭೂಮಿಗಳು ಸರಕಾರದಲ್ಲಿ ನಿಹಿತವಾಗಿ, ಮುಂದೆ ಗೇಣಿದಾರರೇ ಒಡೆಯರಾದರು. ಹೀಗೆ ಒಂದು ವರ್ಗವು ಹತ್ತಾರು ಹಿಡುವಳಿಗಳಾದಾಗ ಭೂಮಿಯು ದಾಖಲೆಗೆ ಬಂದಿತು. ಅದರ ತೋಡು, ಹುಣಿಗಳ ಬಳಕೆ ಎಷ್ಟೋ ಕಡೆ ದಾಖಲೆಗೆ ಬರಲಿಲ್ಲ. ಇಂದಿನ ಜಗಳಗಳಲ್ಲಿ ಹಲವಕ್ಕೆ ಇದೇ ಮೂಲ.

ಹಡಿಲು ಬಿದ್ದ ಭೂಮಿಯ ಅಪಾಯ

ಕೂಲಿಯಾಳುಗಳ ಕೊರತೆಯಿಂದ ಅನೇಕ ಗದ್ದೆಗಳು ಹಡಿಲು ಬಿದ್ದಿವೆ. ಅವನ್ನು ಮತ್ತೆ ಬೆಳೆಗೆ ತರುವ ಆಂದೋಲನವು 2021ರಲ್ಲಿ ಉಡುಪಿಯಲ್ಲಿ ನಡೆಯಿತು. ಆದರೆ 20 ವರ್ಷ ಎಡೆಬಿಡದೆ ಬಳಸದ ಈಸ್‌ಮೆಂಟ್ ಅಳಿಯುತ್ತದೆಂಬುದನ್ನು ಬಹುಮಂದಿ ಅರಿಯರು. ಗದ್ದೆ ಉಳಿದರೂ ಅದಕ್ಕೆ ಹೋಗುವ ದಾರಿ ಕೈತಪ್ಪಬಹುದು.

ಇದಕ್ಕೆ ಕಾನೂನೇ ಒಂದು ಉಪಾಯವನ್ನು ಹೇಳಿದೆ. ದಾರಿಯಂತೆ ಮನುಷ್ಯನು ನಡೆದು ಬಳಸಬೇಕಾದ ಹಕ್ಕನ್ನು ಉಳಿಸಿಕೊಳ್ಳುವ ಇಚ್ಛೆ ತನಗಿದೆಯೆಂದು ಒಡೆಯನು ಆ ಅವಧಿಯೊಳಗೆ ಒಂದು ಘೋಷಣೆಯನ್ನು ರಿಜಿಸ್ಟ್ರಿ ಮಾಡಿಸಿದರೆ, ಆ ತಾರೀಕಿನಿಂದ ಮತ್ತೆ 20 ವರ್ಷ ಕಳೆಯುವ ತನಕ ಹಕ್ಕು ಅಳಿಯದು. ಪರಸ್ಥಳಗಳಲ್ಲಿ ಉದ್ಯೋಗದಲ್ಲಿರುವ ಹಿಡುವಳಿದಾರರು ಇದನ್ನು ಅವಶ್ಯವಾಗಿ ಗಮನಿಸತಕ್ಕದ್ದು.

ಹಕ್ಕಿನ ಮಿತಿ

ಒಂದು ಬಗೆಯ ದಾರಿಯ ಹಕ್ಕಿನಲ್ಲಿ ಇನ್ನೊಂದು ಬಗೆಯದು ಅಡಕವಾಗಿಲ್ಲ. ಮಣಿಪಾಲದಂತೆ ಗುಡ್ಡಗಳಲ್ಲಿ ಮನೆಗಳೇಳುತ್ತಿರುವ ಕಡೆ ಇದನ್ನು ನೆನಪಿಡಬೇಕು. ಸೊಪ್ಪು ಹೊರುವವರ ಕಾಲುದಾರಿಯು ತಾನಾಗಿಯೇ ಲಾರಿಯ ದಾರಿಯಾಗದು.

ಕುಮ್ಕಿಯ ವಿಚಾರ

ಖದೀಮ ವರ್ಗದ ಎಲ್ಲೆಯಿಂದ 100 ಗಜದೊಳಗಿನ ಸರಕಾರಿ ಪಡುನೆಲವೇ ಕುಮ್ಕಿ. ಅಲ್ಲಿ ದನ ಮೇಯಿಸುವ, ಕೃಷಿಗೂ ಗೃಹಕೃತ್ಯಕ್ಕೂ ಸೊಪ್ಪು ಸೌದೆ ತರುವ ಸವಲತ್ತು ವರ್ಗದಾರನಿಗಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಕಲಮು ಈ ಸವಲತ್ತನ್ನು ಮುಂದುವರಿಸಿತು. ಆದರೆ ಕುಮ್ಕಿಯ ಒಡೆತನ ಸರಕಾರದ್ದು. “ಕುಮ್ಕಿ ಸಹಿತ” ಎಂದು ಕ್ರಯಪತ್ರದಲ್ಲಿ ಬರೆದ ಮಾತ್ರಕ್ಕೆ ಕೊಂಡವನು ಕುಮ್ಕಿಯ ಒಡೆಯನಾಗನು.

ಕೊಳ್ಳುವವರೂ ಪಾಲಾಗುವವರೂ ಮಾಡತಕ್ಕದ್ದು

1. ಸಬ್‌ರಿಜಿಸ್ಟ್ರಾರರ ಕಚೇರಿಯ ಋಣಭಾರ ಪತ್ರವನ್ನು ಪಡೆಯಬೇಕು. ಆದರೆ ಅದನ್ನಷ್ಟೇ ನಂಬಬಾರದು. ಅದರಲ್ಲಿ ರಿಜಿಸ್ಟ್ರಿಯಾದ ಅಡವು, ಕ್ರಯ ಮೊದಲಾದುವು ಕಾಣುತ್ತವೆ. ದೀರ್ಘಾನುಭವದಿಂದ ಹುಟ್ಟಿದ ದಾರಿ ನೀರಿನ ಹಕ್ಕು ಕಾಣದು.

2. ಭೂಮಿಯನ್ನು ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಸುತ್ತಿ ನೋಡಬೇಕು. ತೋಡಿನ ಗುರುತೂ ಕಾಲ್ದಾರಿಯ ಸವಕಲೂ ಪತ್ರದಲ್ಲಿಲ್ಲದ ಸಂಗತಿಯನ್ನು ಹೇಳುತ್ತವೆ. ನೆರೆಯವರನ್ನೂ ಕೇಳಬೇಕು.

3. “ಮಾಮೂಲು ದಾರಿ ನೀರಿನ ಹಕ್ಕು ಸಹಿತ” ಎಂದಷ್ಟೇ ಬರೆಯದೆ, ಸರ್ವೆ ನಂಬರು, ದಿಕ್ಕು, ಅಗಲ, ನಡೆದುಹೋಗುವುದಕ್ಕೋ ವಾಹನಕ್ಕೋ, ನೀರಾದರೆ ಯಾವ ಕಟ್ಟದಿಂದ ಯಾವ ಸರದಿಯಲ್ಲಿ ಎಂಬುದನ್ನು ವಿವರಿಸಿ, ನಕ್ಷೆಯನ್ನು ಲಗತ್ತಿಸಿ ರಿಜಿಸ್ಟ್ರಿ ಮಾಡಿಸಬೇಕು. ಭಾರ ಹೊರುವ ಭೂಮಿಯ ಒಡೆಯನ ಸಹಿಯೂ ಇರಬೇಕು.

4. ದಾಕ್ಷಿಣ್ಯದಿಂದ ದಾರಿ ಕೊಡುವವನು ಅದು ಅನುಮತಿ ಮಾತ್ರವೆಂದು ಒಂದು ಚೀಟಿ ಬರೆಸಿಕೊಂಡರೆ ಅವನಿಗೂ ಕ್ಷೇಮ.

5. ತೋಡಿನ ಹೂಳೆತ್ತುವುದು ನೀರು ಪಡೆಯುವವನ ಕೆಲಸ; ಅದಕ್ಕಾಗಿ ಪರರ ಗದ್ದೆಗೆ ಇಳಿಯುವ ಹಕ್ಕು ಅವನಿಗಿದೆ. ಆದರೆ ಅನನುಕೂಲವಾದಷ್ಟೂ ಕಡಿಮೆಯಾಗಬೇಕು, ಹಾನಿಯಾದರೆ ಸರಿಪಡಿಸಬೇಕು.

6. ದಾರಿಗೆ ಬೇಲಿ ಬಿದ್ದಾಗ ಕತ್ತಿ ಹಿಡಿದು ಕಡಿಯಹೋಗಬಾರದು. ಈಸ್‌ಮೆಂಟಿಗೆ ಬಂದ ಅಡ್ಡಿಯನ್ನು ತಾನೇ ಕಿತ್ತುಹಾಕುವುದನ್ನು ಕಾನೂನು ಒಪ್ಪುವುದಿಲ್ಲ. ಶಾಂತಿಭಂಗದ ಭಯವಿದ್ದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಲ್ಲಿ, ಹಕ್ಕಿನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನಲ್ಲಿ ತಡಮಾಡದೆ ಮೊರೆಹೋಗಬೇಕು.

ದಾವೆಯು ಮುಗಿಯುವ ತನಕ ಬೈಲು ಕಾಯದು. ಏಣೆಲಿನ ನಾಟಿ ತಪ್ಪಿದರೆ ಆ ವರ್ಷದ ಅಕ್ಕಿಯೇ ತಪ್ಪಿದಂತೆ. ಆದುದರಿಂದ ಹಳಬರು ಇನ್ನೂ ಇರುವಾಗಲೇ ಗ್ರಾಮಪ್ರಮುಖರು ಎರಡೂ ಕಡೆಯವರನ್ನು ತೋಡಿನ ದಡದಲ್ಲಿ ಕೂಡಿಸಿ, ನಡೆದುಬಂದ ಪದ್ಧತಿಯನ್ನು ಬರಹಕ್ಕೆ ತರಿಸುವುದು ಗ್ರಾಮಕ್ಕೆ ಮಾಡುವ ದೊಡ್ಡ ಉಪಕಾರ.