ಕುಡುಗೋಲು ಕಣವೂ ಬಾರದ ನೋವೂ

ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಕುಡುಗೋಲು ಕಣ ರೋಗದಲ್ಲಿಯಾದರೋ, ಆಮ್ಲಜನಕವು ಕಡಿಮೆಯಾದೊಡನೆ ಕಣವು ಕುಡುಗೋಲಿನಂತೆ ಬಾಗಿ, ಕಿರುನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ವೇದನೆಯನ್ನುಂಟುಮಾಡುತ್ತದೆ. 10–20 ದಿನಗಳಲ್ಲಿಯೇ ನಾಶವಾಗುತ್ತದೆ. 1952ರಲ್ಲಿ ಈ ದೋಷವನ್ನು ನೀಲಗಿರಿಯ ಬುಡಕಟ್ಟುಗಳಲ್ಲಿ ಗುರುತಿಸಲಾಯಿತು. ನಮ್ಮ ಚಾಮರಾಜನಗರ ಜಿಲ್ಲೆಯ ಸೋಲಿಗರಲ್ಲಿಯೂ ಇದುಂಟು.

ಹೈಡ್ರಾಕ್ಸಿಯೂರಿಯಾ ಎಂಬ ಔಷಧವು ಭ್ರೂಣಾವಸ್ಥೆಯ ಹೀಮೋಗ್ಲೋಬಿನ್ನನ್ನು ಹೆಚ್ಚಿಸಿ, ಕಣಗಳು ಬಾಗುವುದನ್ನು ತಗ್ಗಿಸುತ್ತದೆ. ಹಾಗಿದ್ದೂ ರೋಗಿಗಳು ಅದನ್ನು ನಡುವೆ ಬಿಡುವುದೇಕೆ? ಅಜ್ಞಾನವೆನ್ನುವುದು ಸುಲಭ, ಸರಿಯಲ್ಲ. ತಲೆನೋವಿನ ಗುಳಿಗೆಯ ಗುಣ ಗಂಟೆಯೊಳಗೆ ತಿಳಿಯುತ್ತದೆ. ಇದರ ಗುಣ ತೋರುವುದು ತಿಂಗಳುಗಳ ಅನಂತರ, ಅದೂ ಬಾರದೆ ಹೋದ ನೋವಿನ ರೂಪದಲ್ಲಿ. ಬಾರದ ನೋವನ್ನು ಎಣಿಸುವವರಾರು? ಮೇಲಾಗಿ, ಬಿಳಿಯ ರಕ್ತಕಣಗಳು ಮಿತಿಮೀರಿ ಕುಗ್ಗಿಲ್ಲವೆಂದು ಆಗಾಗ ರಕ್ತವನ್ನು ಪರೀಕ್ಷಿಸಬೇಕು. ಕಾಡಿನೊಳಗಣ ಪೋಡಿನ ಕೂಲಿಕಾರನಿಗೆ ಅದು ಒಂದು ದಿನದ ಸಂಬಳ, ಬಸ್ಸಿನ ಖರ್ಚು ಬೇರೆ. ಅದೂ ನೋವಿಲ್ಲದ ದಿನ!